ಗಾಳಿಯಲ್ಲಿ ಏನಿದೆ, ಅದನ್ನು ಮೊದಲು ಕೇಳು

ಮಗಳೇ,

ಗೋವಿನಜೋಳದಿಂದ ಎಥನಾಲ್ ತೆಗೆಯುವ ಡಿಸ್ಟಿಲರಿಯಲ್ಲಿ ನಿನಗೆ ಇನ್‌ಸ್ಟ್ರುಮೆಂಟ್ ಟ್ರೈನಿ ಕೆಲಸ ಸಿಕ್ಕಿತೆಂದು ಮನೆಯಲ್ಲಿ ಎಲ್ಲರಿಗೂ ಸಂತೋಷ. ನಿನ್ನ ಅಪ್ಪನಿಗೆ ಸಂಬಳದ ಚಿಂತೆ, ಅವ್ವನಿಗೆ ರಾತ್ರಿ ಪಾಳಿಯ ಚಿಂತೆ. ಸಕ್ಕರೆ ಕಾರ್ಖಾನೆ, ಅದರ ಬೆನ್ನಿಗೆ ಅಂಟಿಕೊಂಡ ಡಿಸ್ಟಿಲರಿ ಇವುಗಳಲ್ಲೇ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿ ತಲೆ ಬೆಳ್ಳಗಾದ ನಿನ್ನ ದೊಡ್ಡಪ್ಪನ ಚಿಂತೆ ಬೇರೆ. ಅದನ್ನು ಫೋನಿನಲ್ಲಿ ಹೇಳಿದರೆ ನೀನು ‘ಹೂಂ ಹೂಂ’ ಅಂದುಬಿಡುತ್ತೀಯ. ಹಾಗಾಗಿ ಬರೆದೇ ಕಳಿಸುತ್ತಿದ್ದೇನೆ.

ಮೊದಲ ದಿನ ಗೇಟಿನಲ್ಲಿ ಬೆಂಕಿಪೊಟ್ಟಣ, ಲೈಟರ್, ಮೊಬೈಲ್ ತೆಗೆದಿಡಿಸುತ್ತಾರೆ. ಸೇಫ್ಟಿ ಆಫೀಸರ್ ಸ್ಲೈಡ್ ತೋರಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ಅದೆಲ್ಲ ಆಗಲೇಬೇಕಾದದ್ದು. ಆದರೆ ಅಷ್ಟನ್ನೇ ಕೇಳಿ ಒಳಗೆ ಹೋದವರ ತಲೆಯಲ್ಲಿ ಕಿಡಿ ಇಲ್ಲದಿದ್ದರೆ ಅಪಾಯವಿಲ್ಲ ಎಂಬ ತಿಳಿವಳಿಕೆ ಬೇರುಬಿಡುತ್ತದೆ. ಎಲ್ಲರ ಕಣ್ಣೂ ಬೀಡಿ ಹಚ್ಚುವವನ ಮೇಲೆ. ಪಂಪಿನ ಸೀಲ್ ತೊಟ್ಟಿಕ್ಕುತ್ತಿದ್ದರೆ ಅದರ ಕೆಳಗೊಂದು ಬಕೆಟ್ ಇಟ್ಟು ಮುಂದೆ ಹೋಗುತ್ತಾರೆ. ನಾನು ನಿನಗೆ ಹೇಳುವುದು ಇದಕ್ಕೆ ಉಲ್ಟಾ. ಯಾವ ಜಾಗಕ್ಕೆ ಹೋದರೂ ಇಲ್ಲಿನ ಗಾಳಿಯಲ್ಲಿ ಈಗ ಏನಿದೆ ಎಂದು ಮೊದಲು ಕೇಳಿಕೋ. ಕಿಡಿಯ ವಿಚಾರ ಆಮೇಲೆ.

ಯಾಕೆ ಅಂದರೆ, ಕಿಡಿಯನ್ನು ಪೂರ್ತಿಯಾಗಿ ಹೊರಗಿಡುವುದು ಯಾರ ಕೈಲೂ ಆಗುವುದಿಲ್ಲ. ಎಥನಾಲ್ ಆವಿ ಗಾಳಿಯೊಂದಿಗೆ ಹದವಾಗಿ ಬೆರೆತಿದ್ದರೆ ಅದನ್ನು ಹೊತ್ತಿಸಲು ಒಂದು ಮಿಲಿಜೌಲ್‌ನ ಕಾಲು ಭಾಗದಷ್ಟು ಶಕ್ತಿ ಸಾಕು. ಪಾಲಿಯೆಸ್ಟರ್ ಬಟ್ಟೆ ತೊಟ್ಟು ಕುರ್ಚಿಯಿಂದ ಎದ್ದು ಬಾಗಿಲ ಹಿಡಿ ಮುಟ್ಟಿದಾಗ ಬೆರಳಿಗೆ ‘ಚುರ್’ ಅನ್ನುತ್ತದಲ್ಲ, ಅದರಲ್ಲೇ ಇದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. ಜೊತೆಗೆ ಕಾದ ಬೇರಿಂಗ್, ಸಡಿಲವಾದ ಟರ್ಮಿನಲ್, ಕಾಂಕ್ರೀಟಿನ ಮೇಲೆ ಬಿದ್ದ ಸ್ಪ್ಯಾನರ್, ಯಾರೋ ಸ್ಟಾರ್ಟ್ ಮಾಡಿದ ಬೈಕ್, ಮಳೆಗಾಲದ ಸಿಡಿಲು. ಇವೆಲ್ಲವನ್ನೂ ಎಷ್ಟು ದಿನ ಅಂತ ಕಾಯುತ್ತೀ?

ಜೈಪುರದಲ್ಲಿ ಆದದ್ದನ್ನೇ ನೋಡು. 2009ರ ಅಕ್ಟೋಬರ್ 29ರ ಸಂಜೆ ಸೀತಾಪುರದ ಇಂಡಿಯನ್ ಆಯಿಲ್ ಟರ್ಮಿನಲ್‌ನಲ್ಲಿ ಪಕ್ಕದ ಟರ್ಮಿನಲ್‌ಗೆ ಪೆಟ್ರೋಲ್ ಕಳಿಸಲು ಲೈನ್ ಸಿದ್ಧ ಮಾಡುತ್ತಿದ್ದರು. ಲೈನನ್ನು ಮುಚ್ಚಿ ತೆರೆಯುವ ಹ್ಯಾಮರ್ ಬ್ಲೈಂಡ್ ಎನ್ನುವ ಸಾಧನ ತೆರೆದಿರುವಾಗಲೇ ಟ್ಯಾಂಕಿನ ವಾಲ್ವ್ ಕೂಡ ತೆರೆದುಕೊಂಡು ಪೆಟ್ರೋಲ್ ಕಾರಂಜಿಯಂತೆ ಚಿಮ್ಮಿತು. ನಿಲ್ಲಿಸಲು ಹೋದವರು ಆವಿಗೆ ಸಿಕ್ಕಿ ಕುಸಿದರು. ಸುಮಾರು ಒಂದೂಕಾಲು ಗಂಟೆ ಹೊತ್ತು ಪೆಟ್ರೋಲ್ ಹರಿಯುತ್ತಲೇ ಇತ್ತು, ಆವಿ ಟರ್ಮಿನಲ್ ತುಂಬ ಹಬ್ಬಿತು, ಆಮೇಲೆ ಸ್ಫೋಟ. 11 ಜನ ಸತ್ತರು, ಬೆಂಕಿ ದಿನಗಟ್ಟಲೆ ಉರಿಯಿತು. ಎಲ್ಲಿಂದ ಸೋರಿತು, ಯಾವ ವಾಲ್ವ್, ಎಷ್ಟು ಹೊತ್ತು ಎಂಬುದೆಲ್ಲ ತನಿಖೆಯಲ್ಲಿ ಹೊರಬಂತು. ಕಿಡಿ ಎಲ್ಲಿಂದ ಬಂತು ಎಂಬುದಕ್ಕೆ ಮಾತ್ರ ಉತ್ತರ ಊಹೆಯಲ್ಲೇ ನಿಂತಿತು: ಆಡಳಿತ ಕಟ್ಟಡದ ಸಾದಾ ವಿದ್ಯುತ್ ಉಪಕರಣ ಇರಬಹುದು, ಸ್ಟಾರ್ಟ್ ಆದ ವಾಹನವೂ ಇರಬಹುದು. ಅಷ್ಟು ದೊಡ್ಡ ಆವಿಯ ಮೋಡಕ್ಕೆ ಎಲ್ಲೋ ಒಂದು ಕಡೆ ಕಿಡಿ ಸಿಕ್ಕೇ ಸಿಗುತ್ತದೆ.

ಈಗ ನಿನ್ನ ಕಾರ್ಖಾನೆಯ ಮಾತು. ಆವಿ ಇದ್ದಮಾತ್ರಕ್ಕೆ ಹೊತ್ತಿಕೊಳ್ಳುವುದಿಲ್ಲ ಎಂದು ಡಿಪ್ಲೊಮಾದಲ್ಲಿ ಓದಿರುತ್ತೀಯ. ಗಾಳಿಯಲ್ಲಿ ಎಥನಾಲ್ ಆವಿ 3.3 ಶೇಕಡಕ್ಕಿಂತ ಕಡಿಮೆ ಇದ್ದರೆ ತೀರಾ ತೆಳು, 19 ಶೇಕಡ ದಾಟಿದರೆ ತೀರಾ ದಟ್ಟ. ಇವೆರಡರ ನಡುವೆ ಮಾತ್ರ ಸ್ಫೋಟ. ಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ನಮ್ಮ ಬಯಲುಸೀಮೆಯ ಬಿಸಿಲನ್ನು ಇದಕ್ಕೆ ಸೇರಿಸಿ ನೋಡಬೇಕು. ಮುಚ್ಚಿದ ಟ್ಯಾಂಕಿನಲ್ಲಿ ಎಥನಾಲ್ ಇದ್ದರೆ ಅದರ ಮೇಲಿನ ಖಾಲಿ ಜಾಗದಲ್ಲಿ 20 ಡಿಗ್ರಿಗೆ ಸುಮಾರು 6 ಶೇಕಡ ಆವಿ ತುಂಬಿರುತ್ತದೆ, 35 ಡಿಗ್ರಿಗೆ 13-14 ಶೇಕಡ. ಅಂದರೆ ನಮ್ಮ ಹಾವೇರಿಯ ಚಳಿಗಾಲದ ಬೆಳಗಿನಿಂದ ಬೇಸಿಗೆಯ ಮಧ್ಯಾಹ್ನದವರೆಗೂ ಆ ಟ್ಯಾಂಕಿನ ಒಳಗಾಳಿ ಹೊತ್ತಿಕೊಳ್ಳುವ ಹದದಲ್ಲೇ ಇರುತ್ತದೆ. ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಹೀಗಿರುವುದಿಲ್ಲ, ಅಲ್ಲಿ ಆವಿ ಮಿತಿಮೀರಿ ದಟ್ಟವಾಗಿರುತ್ತದೆ. ‘ಪೆಟ್ರೋಲ್‌ಗಿಂತ ಸ್ಪಿರಿಟ್ ಪಾಪದ್ದು ಬಿಡ್ರಿ’ ಎಂದು, ಎಥನಾಲನ್ನು ಸ್ಪಿರಿಟ್ ಎಂದೇ ಕರೆಯುವ ಹಳಬರು ಡಿಸ್ಟಿಲರಿಯಲ್ಲಿ ಹೇಳುವುದನ್ನು ನೀನು ಕೇಳುತ್ತೀಯ. ಹೊರಗೆ ಚೆಲ್ಲಿದಾಗ ಅದರಲ್ಲಿ ಸ್ವಲ್ಪ ನಿಜವಿರಬಹುದು. ಟ್ಯಾಂಕಿನ ಒಳಗಿನ ಮಟ್ಟಿಗೆ ಅದು ಶುದ್ಧ ತಪ್ಪು.

ಟ್ಯಾಂಕಿನ ನೆತ್ತಿಯ ಮೇಲೆ ಬ್ರೀದರ್ ವಾಲ್ವ್, ಅದರ ಜೊತೆಗೊಂದು ಫ್ಲೇಮ್ ಅರೆಸ್ಟರ್ ಇಟ್ಟಿರುವುದು ಇದಕ್ಕೇ. ಅರೆಸ್ಟರ್ ಒಳಗೆ ಸಣ್ಣ ಸಣ್ಣ ಕಿಂಡಿಗಳ ಲೋಹದ ಸುರುಳಿ ಇರುತ್ತದೆ. ಹೊರಗಿನ ಬೆಂಕಿ ಅದರಲ್ಲಿ ನುಗ್ಗುವಾಗ ತಣ್ಣಗಾಗಿ ಆರಿಹೋಗಬೇಕು. ಜೇಡರ ಬಲೆ, ಧೂಳು, ತುಕ್ಕು ಸೇರಿ ಅದು ಕಟ್ಟಿಕೊಂಡಾಗ ಟ್ಯಾಂಕ್ ಉಸಿರಾಡುತ್ತಿಲ್ಲ ಎಂದು ಸುರುಳಿಯನ್ನೇ ಬಿಚ್ಚಿ ಖಾಲಿ ಕವಚ ಕೂರಿಸುವ ಜಾಣರಿದ್ದಾರೆ. ಕೆಳಗೆ ನಿಂತು ನೋಡಿದರೆ ಎಲ್ಲ ಸರಿಯಾಗಿದ್ದಂತೆಯೇ ಕಾಣುತ್ತದೆ. ಲೆವೆಲ್ ಟ್ರಾನ್ಸ್‌ಮಿಟರ್ ನೋಡಲು ನೀನು ಮೇಲೆ ಹತ್ತುತ್ತೀಯಲ್ಲ, ಆಗ ಅರೆಸ್ಟರನ್ನು ಕೊನೆಯ ಬಾರಿ ಬಿಚ್ಚಿದ್ದು ಯಾವಾಗ, ಒಳಗಿನ ಸುರುಳಿ ಇದೆಯೇ ಎಂದು ಮೆಕ್ಯಾನಿಕಲ್‌ನವರನ್ನು ಕೇಳು. ಟ್ಯಾಂಕಿನ ಬಾಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಇಣುಕುವವರನ್ನೂ ನೋಡುತ್ತೀಯ. ನೈಲಾನ್ ಹಗ್ಗಕ್ಕೆ ತಗಡಿನ ಡಬ್ಬಿ ಕಟ್ಟಿ ಸ್ಯಾಂಪಲ್ ಎತ್ತುವವರೂ ಇದ್ದಾರೆ. ಆ ಡಬ್ಬಿಯಲ್ಲಿ ಕೂತ ಚಾರ್ಜ್ ಹರಿದುಹೋಗಲು ದಾರಿ ಇರುವುದಿಲ್ಲ.

ಇನ್ನು ಖಾಲಿ ಡ್ರಮ್ಮು. ನಮ್ಮ ಊರುಗಳಲ್ಲಿ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಗಳ ಮುಂದೆ ಬ್ಯಾರೆಲ್ ಕತ್ತರಿಸಿ ನೀರಿನ ತೊಟ್ಟಿ ಮಾಡುವುದನ್ನು ನೋಡಿದ್ದೀಯ. ಒಂದು ಲೆಕ್ಕ ಹಾಕೋಣ. 200 ಲೀಟರ್ ಡ್ರಮ್ಮಿನಲ್ಲಿ 3.3 ಶೇಕಡ ಅಂದರೆ 6.6 ಲೀಟರ್ ಆವಿ. ಅಷ್ಟು ಆವಿ ಏಳಲು ಬೇಕಾದ ದ್ರವ ಎಥನಾಲ್ ಸುಮಾರು 16 ಮಿಲಿಲೀಟರ್, ಒಂದು ದೊಡ್ಡ ಚಮಚ. ಡ್ರಮ್ ಬೋರಲು ಹಾಕಿ ‘ಒಂದು ಹನೀನೂ ಇಲ್ಲ ಸಾರ್’ ಎನ್ನುವವನ ಡ್ರಮ್ಮಿನ ಅಂಚಿನ ಮಡಿಕೆಯಲ್ಲಿ ಅಷ್ಟು ಉಳಿದಿರುವುದು ಕಷ್ಟವೇನಲ್ಲ. ತುಂಬಿದ ಡ್ರಮ್ಮಿನಲ್ಲಿ ಗಾಳಿಗೆ ಜಾಗವಿರುವುದಿಲ್ಲ, ಖಾಲಿಯದರಲ್ಲಿ 200 ಲೀಟರ್ ಜಾಗ. ಹೀಗಾಗಿ ಖಾಲಿ ಡ್ರಮ್ಮೇ ಹೆಚ್ಚು ಅಪಾಯದ್ದು. 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಂ ಇದನ್ನು ನೇರವಾಗಿಯೇ ಹೇಳಿತ್ತು: ಉರಿಯುವ ವಸ್ತು ಇರುವ, ಅಥವಾ ಹಿಂದೆ ಇದ್ದ, ಯಾವ ಟ್ಯಾಂಕಿಗೂ ಪಾತ್ರೆಗೂ ಆ ವಸ್ತುವನ್ನೂ ಅದರ ಆವಿಯನ್ನೂ ಹೊರಹಾಕದೆ ವೆಲ್ಡಿಂಗ್, ಕಟಿಂಗ್ ಮಾಡಕೂಡದು. ‘ಹಿಂದೆ ಇದ್ದ’ ಎಂಬುದನ್ನು ಕಾಯ್ದೆ ಬರೆದವರು ಸುಮ್ಮನೆ ಸೇರಿಸಿಲ್ಲ.

ಎಥನಾಲ್ ಆವಿ ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಅದು ಮೇಲೇರದೆ ಕೇಬಲ್ ಟ್ರೆಂಚು, ಪಂಪಿನ ಗುಂಡಿ, ಚರಂಡಿಗಳಲ್ಲಿ ತೆವಳಿಕೊಂಡು ಹೋಗಿ ಅಲ್ಲೇ ಕೂರುತ್ತದೆ. ಸೋರಿದ್ದು ಟ್ಯಾಂಕ್ ಯಾರ್ಡಿನಲ್ಲಿ, ಹೊತ್ತಿಕೊಂಡದ್ದು ಮೋಟಾರುಗಳ ಸ್ವಿಚ್ ಪ್ಯಾನೆಲ್ ಇರುವ ಎಂಸಿಸಿ ರೂಮಿನಲ್ಲಿ ಎಂಬಂಥದ್ದು ಆಗುವುದು ಹೀಗೆ. ಕೇಬಲ್ ಟ್ರೆಂಚಿಗೆ ಮರಳು ತುಂಬಿಸುವುದು, ಗೋಡೆಯಲ್ಲಿ ಕೇಬಲ್ ಹಾಯುವ ಕಿಂಡಿಯನ್ನು ಸೀಲ್ ಮಾಡುವುದು ಇದೇ ಕಾರಣಕ್ಕೆ. ಹೊಸ ಕೇಬಲ್ ಎಳೆಯಲು ಕಿಂಡಿ ಒಡೆದವರು ಅದನ್ನು ಮತ್ತೆ ಮುಚ್ಚಿದರೇ? ನಿನ್ನದೇ ಡಿಪಾರ್ಟ್‌ಮೆಂಟಿನ ಕೆಲಸವಾಗಿದ್ದರೆ ನೀನೇ ನೋಡು. ಚೆಲ್ಲಿದ ಮೇಲೆ ‘ನೀರು ಹೊಡೆದ್ವಿ, ಆಯ್ತು’ ಎನ್ನುವುದನ್ನೂ ಅರ್ಧ ನಂಬು. ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರು ಬೆರೆತು ಎಥನಾಲ್ 20 ಶೇಕಡಕ್ಕೆ ಇಳಿದರೂ 36 ಡಿಗ್ರಿಯ ಸುಮಾರಿಗೆ ಅದು ಹೊತ್ತಿಕೊಳ್ಳಬಲ್ಲದು. ಏಪ್ರಿಲ್ ತಿಂಗಳ ಚರಂಡಿಗೆ 36 ಡಿಗ್ರಿ ಏನು ಮಹಾ? ನೀರು ಧಾರಾಳವಾಗಿ, ಬಹಳ ಹೊತ್ತು ಹರಿಯಬೇಕು. ಸ್ಪಿರಿಟ್ಟಿನ ಉರಿ ತಿಳಿನೀಲಿ, ಹಗಲು ಬೆಳಕಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ ಎಂಬುದೂ ನೆನಪಿರಲಿ.

ಇಲ್ಲಿಯವರೆಗಿನದನ್ನು ನಿನ್ನ ಕಾರ್ಖಾನೆಯವರೂ ಹೇಳಿಕೊಡುತ್ತಾರೆ, ಸ್ಪಿರಿಟ್ ಎಂದರೆ ಎಲ್ಲರಿಗೂ ಭಯವಿದೆ. ಯಾರೂ ಹೆದರದ ಇನ್ನೊಂದು ನಿಮ್ಮಲ್ಲಿದೆ. ಅದು ಹಿಟ್ಟು.

ಧಾನ್ಯದ ಡಿಸ್ಟಿಲರಿಯಲ್ಲಿ ಲಾರಿಯಿಂದ ಇಳಿದ ಗೋವಿನಜೋಳ ಬಕೆಟ್ ಎಲಿವೇಟರ್ ಏರಿ ಸೈಲೋಗೆ ಹೋಗುತ್ತದೆ, ಅಲ್ಲಿಂದ ಹ್ಯಾಮರ್ ಮಿಲ್ಲಿಗೆ ಬಂದು ಹಿಟ್ಟಾಗುತ್ತದೆ. ಆ ವಿಭಾಗಕ್ಕೆ ಹೋದರೆ ಮೆಟ್ಟಿಲು, ತೊಲೆ, ಕೇಬಲ್ ಟ್ರೇ, ಟ್ಯೂಬ್‌ಲೈಟ್ ಎಲ್ಲದರ ಮೇಲೂ ಹಳದಿ ಪುಡಿ. ಗಿರಣಿ ಅಂದಮೇಲೆ ಹಿಟ್ಟು ಹಾರುತ್ತದಪ್ಪಾ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಒಲೆಯಲ್ಲಿ ಕೊರಡು ಹೊತ್ತಲು ಹೊತ್ತು ಬೇಕು, ಸಿಬಿರಿಗೆ ಬೇಡ, ಕಟ್ಟಿಗೆಯ ಪುಡಿಯನ್ನು ಉರಿಗೆ ತೂರಿದರೆ ಭಗ್ ಎನ್ನುತ್ತದೆ. ಹಿಟ್ಟಿನದೂ ಅದೇ ಕತೆ. 1785ರ ಡಿಸೆಂಬರ್ 14ರಂದು ಇಟಲಿಯ ಟ್ಯೂರಿನ್ ನಗರದ ಬೇಕರಿಯೊಂದರ ಹಿಟ್ಟಿನ ಉಗ್ರಾಣದಲ್ಲಿ ದೀಪದ ಬಳಿ ಹಾರಿದ ಹಿಟ್ಟು ಸಿಡಿದದ್ದನ್ನು ಕೌಂಟ್ ಮೊರೊಝೊ ಎಂಬವರು ಬರೆದಿಟ್ಟಿದ್ದಾರೆ. ಅಂದರೆ ಇದು ಗೊತ್ತಾಗಿ ಇನ್ನೂರು ವರ್ಷದ ಮೇಲಾಯಿತು.

ಗೊತ್ತಿದ್ದೂ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಇಂಪೀರಿಯಲ್ ಶುಗರ್ ಸಾಕು. ಸಕ್ಕರೆ ಕಾರ್ಖಾನೆಯವನಾದ ನನಗೆ ಆ ವರದಿ ಓದಿದ ದಿನ ಊಟ ಸೇರಲಿಲ್ಲ. ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನ ರಿಫೈನರಿ ಅದು. ಸೈಲೋಗಳ ಕೆಳಗಿನ ಸುರಂಗದಲ್ಲಿ ಸಕ್ಕರೆ ಸಾಗಿಸುವ ಬೆಲ್ಟ್ ಇತ್ತು. ಸಕ್ಕರೆಗೆ ಕಸ ಬೀಳದಿರಲಿ ಎಂದು 2007ರಲ್ಲಿ ಅದನ್ನು ಉಕ್ಕಿನ ಹಾಳೆಗಳಿಂದ ಮುಚ್ಚಿದರು. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿಯವರೆಗೆ ದೊಡ್ಡ ಸುರಂಗದಲ್ಲಿ ತೆಳುವಾಗಿ ಹಂಚಿಹೋಗುತ್ತಿದ್ದ ಧೂಳು ಈಗ ಕಿರಿದಾದ ಪೆಟ್ಟಿಗೆಯೊಳಗೆ ದಟ್ಟವಾಯಿತು. ಧೂಳು ಎಳೆಯುವ ವ್ಯವಸ್ಥೆಯನ್ನು ಯಾರೂ ಅದಕ್ಕೆ ಕೂಡಿಸಲಿಲ್ಲ. 2008ರ ಫೆಬ್ರುವರಿ 7ರ ಸಂಜೆ ಅದರೊಳಗೆ ಮೊದಲ ಸ್ಫೋಟವಾಯಿತು, ಬಹುಶಃ ಕಾದ ಬೇರಿಂಗ್‌ನಿಂದ. ಆ ಹೊಡೆತಕ್ಕೆ ಕಟ್ಟಡದ ತೊಲೆಗಳ ಮೇಲೆ, ನೆಲದ ಮೇಲೆ ವರ್ಷಗಳಿಂದ ಕೂತಿದ್ದ ಸಕ್ಕರೆ ಪುಡಿ ಎದ್ದಿತು. ಅದಕ್ಕೆ ಬೆಂಕಿ ತಗುಲಿ ಇನ್ನೊಂದು ಸ್ಫೋಟ, ಮತ್ತೊಂದು, ಹೀಗೆ ಪ್ಯಾಕಿಂಗ್ ಕಟ್ಟಡದ ಉದ್ದಕ್ಕೂ. 14 ಜನ ಸತ್ತರು, 36 ಜನಕ್ಕೆ ಗಾಯ, ಬಹಳ ಮಂದಿಗೆ ಘೋರ ಸುಟ್ಟಗಾಯ. ಸಕ್ಕರೆ ಧೂಳು ಸಿಡಿಯಬಹುದೆಂದು 1967ರಲ್ಲೇ ಅಲ್ಲಿನ ಅಧಿಕಾರಿಗಳು ಪತ್ರ ಬರೆದುಕೊಂಡಿದ್ದರು ಎಂದು ತನಿಖೆಯಲ್ಲಿ ಗೊತ್ತಾಯಿತು.

ಇದರಲ್ಲಿ ಗಮನಿಸಬೇಕಾದದ್ದು ಎರಡನೆಯ ಸ್ಫೋಟ. ಹಿಟ್ಟು ಸಿಡಿಯುವಷ್ಟು ದಟ್ಟವಾಗಿ ಹಾರುತ್ತಿದ್ದರೆ ಮಾರು ದೂರದ ಬಲ್ಬು ಕೂಡ ಕಾಣುವುದಿಲ್ಲ, ಅಂಥ ಜಾಗದಲ್ಲಿ ಯಾರೂ ನಿಂತು ಕೆಲಸ ಮಾಡಲಾರರು. ಹಾಗಾದರೆ ಜನರಿರುವ ಕೋಣೆ ಸುರಕ್ಷಿತ ತಾನೇ ಅನಿಸುತ್ತದೆ. ಅಷ್ಟು ದಟ್ಟ ಧೂಳು ದಿನನಿತ್ಯ ಇರುವುದು ಎಲಿವೇಟರ್, ಮಿಲ್, ಸೈಕ್ಲೋನ್, ಡ್ರೈಯರ್‌ಗಳ ಒಳಗೆ. ಅಲ್ಲಿ ಮೊದಲು ಸಿಡಿಯುತ್ತದೆ, ಆ ಏಟಿಗೆ ಕೋಣೆಯ ಧೂಳು ಏಳುತ್ತದೆ. ಒಂದು ಮಿಲಿಮೀಟರ್ ದಪ್ಪ ಹಿಟ್ಟು ನೆಲದ ತುಂಬ ಕೂತಿದೆ, ಕೋಣೆ 5 ಮೀಟರ್ ಎತ್ತರ ಎಂದುಕೋ. ಹಿಟ್ಟಿನ ತೂಕ ಘನ ಮೀಟರಿಗೆ 500 ಕಿಲೋ ಎಂದು ಹಿಡಿದರೆ, ಅದೆಲ್ಲ ಎದ್ದಾಗ ಕೋಣೆಯ ಪ್ರತಿ ಘನ ಮೀಟರ್ ಗಾಳಿಯಲ್ಲಿ 100 ಗ್ರಾಂ ಹಿಟ್ಟು. ಧಾನ್ಯದ ಹಲವು ಬಗೆಯ ಹಿಟ್ಟು ಸಿಡಿಯಲು ಅದಕ್ಕಿಂತ ಕಡಿಮೆ ಸಾಕು. ಬೆರಳಲ್ಲಿ ಗೀರಿದರೆ ಗೆರೆ ಎದ್ದು ಕಾಣುವಷ್ಟು ಕೂತಿದ್ದರೆ ಅದು ಕ್ಲೀನಿಂಗ್ ಗುತ್ತಿಗೆದಾರನ ವಿಷಯವೆಂದು ಬಿಡಬೇಡ. ಕಂಪ್ರೆಸ್ಡ್ ಏರ್ ಹಿಡಿದು ಊದಿ ಸ್ವಚ್ಛ ಮಾಡುವುದಂತೂ ಕೂತ ಶನಿಯನ್ನು ಎಬ್ಬಿಸಿದ ಹಾಗೆ. ಧೂಳಿಗೆಂದೇ ತಯಾರಾದ ವ್ಯಾಕ್ಯೂಮ್ ಬೇಕು, ಇಲ್ಲವೇ ಮೆಲ್ಲಗೆ ಗುಡಿಸಬೇಕು, ತೊಲೆಯ ಮೇಲಿನದನ್ನೂ ಬಿಡದೆ.

ಒಳಗಿನ ಆ ಮೊದಲ ಸ್ಫೋಟವನ್ನು ತಡೆಯಲೆಂದೇ ಇರುವ ಸಾಧನಗಳಿವೆ. ಬಕೆಟ್ ಎಲಿವೇಟರಿನ ಬೆಲ್ಟ್ ವಾಲಿದರೆ ನಿಲ್ಲಿಸುವ ಸ್ವಿಚ್, ವೇಗ ತಗ್ಗಿದರೆ ಹೇಳುವ ಸೆನ್ಸರ್, ಬೇರಿಂಗಿನ ಶಾಖ ಅಳೆಯುವ ಆರ್‌ಟಿಡಿ ಇವೆಲ್ಲ ನಿನ್ನ ಸುಪರ್ದಿಗೆ ಬರುತ್ತವೆ. ಲಾರಿಗಳ ಸಾಲು ನಿಂತಿರುವಾಗ ಆ ಸ್ವಿಚ್ ಪದೇ ಪದೇ ಟ್ರಿಪ್ ಕೊಡುತ್ತದೆ. ‘ಮೇಡಂ, ಇದನ್ನೊಂದು ಬೈಪಾಸ್ ಮಾಡಿಕೊಡ್ರಿ’ ಎಂದು ಆಪರೇಟರ್ ಬಂದೇ ಬರುತ್ತಾನೆ. ಅವನು ಕೆಟ್ಟವನೇನಲ್ಲ, ಅವನ ಮೇಲೆ ಟನ್ನೇಜಿನ ಒತ್ತಡವಿದೆ. ನೀನು ಹೋಗಿ ಬೆಲ್ಟ್ ಯಾಕೆ ವಾಲುತ್ತಿದೆ ನೋಡು. ಹ್ಯಾಮರ್ ಮಿಲ್ಲಿನ ಬಾಯಲ್ಲಿರುವ ಮ್ಯಾಗ್ನೆಟ್ ಕೂಡ ನೋಡು, ಜೋಳದ ಜೊತೆ ಬಂದ ಬೋಲ್ಟು ಮೊಳೆಗಳಿಂದ ಅದು ತುಂಬಿಹೋಗಿದ್ದರೆ ಮುಂದಿನ ಬೋಲ್ಟನ್ನು ಹಿಡಿಯುವವರಾರು?

ಈಗ ಕಿಡಿಯ ವಿಚಾರಕ್ಕೆ ಬರೋಣ. ಗಾಳಿಯಲ್ಲಿ ಆವಿ ಸದಾ ಇರುವ ಜಾಗ ಝೋನ್ 0, ದಿನದ ಕೆಲಸದಲ್ಲಿ ಆಗಾಗ ಬರಬಹುದಾದದ್ದು ಝೋನ್ 1, ಅಪರೂಪಕ್ಕೆ, ಅದೂ ಸ್ವಲ್ಪ ಹೊತ್ತು ಮಾತ್ರ ಬರಬಹುದಾದದ್ದು ಝೋನ್ 2. ಧೂಳಿಗೆ ಇದೇ ರೀತಿ 20, 21, 22. ಯಾವ ಜಾಗ ಯಾವ ಝೋನ್ ಎಂದು ತೋರಿಸುವ ನಕ್ಷೆ ಕಾರ್ಖಾನೆಯಲ್ಲಿ ಇರಲೇಬೇಕು, ಅದಕ್ಕೆ ತಕ್ಕ ಉಪಕರಣವನ್ನೇ ಅಲ್ಲಿ ಹಾಕಬೇಕು. ಇದನ್ನು ನೀನು ಓದಿಯೇ ಕಲಿಯುತ್ತೀಯ, ನಾನು ಎಳೆಯುವುದಿಲ್ಲ. ನನಗೆ ಹೇಳಬೇಕಿರುವುದು ವಿದ್ಯುತ್ ಉಪಕರಣ ಕೂರಿಸುವ ಎಫ್‌ಎಲ್‌ಪಿ, ಅಂದರೆ ಫ್ಲೇಮ್‌ಪ್ರೂಫ್ ಪೆಟ್ಟಿಗೆಯ ಬಗ್ಗೆ, ಏಕೆಂದರೆ ನಮ್ಮ ಕಡೆ ಅದಕ್ಕೆ ಸಿಗುವ ಮರ್ಯಾದೆ ನೋಡಿ ನನಗೆ ರೋಸಿಹೋಗಿದೆ.

ಫ್ಲೇಮ್‌ಪ್ರೂಫ್ ಎಂದರೆ ಒಳಗೆ ಆವಿ ಹೋಗದ ಪೆಟ್ಟಿಗೆ ಎಂದು ಅರ್ಧ ಜನ ತಿಳಿದಿದ್ದಾರೆ. ಆವಿ ಒಳಗೆ ಹೋಗುತ್ತದೆ. ಒಳಗೆ ಸಿಡಿಯಲೂಬಹುದು ಎಂದು ಲೆಕ್ಕ ಹಾಕಿಯೇ ಅದನ್ನು ಮಾಡಿರುತ್ತಾರೆ. ಅಷ್ಟು ದಪ್ಪ ಎರಕ ಆ ಒತ್ತಡ ತಡೆಯುವುದಕ್ಕೆ. ಮುಚ್ಚಳ ತೆಗೆದು ಅಂಚಿನ ಮೇಲೆ ಬೆರಳಾಡಿಸಿ ನೋಡು: ಕನ್ನಡಿಯಂತೆ ನುಣುಪಾದ ಅಗಲವಾದ ಪಟ್ಟಿ. ಮುಚ್ಚಳದಲ್ಲೂ ಅಂಥದ್ದೇ ಪಟ್ಟಿ. ಎರಡೂ ಕೂತಾಗ ನಡುವೆ ಉಳಿಯುವ ಸಂದು ಮಿಲಿಮೀಟರಿನ ಒಂದು ಸಣ್ಣ ಪಾಲು. ಒಳಗಿನ ಉರಿ ಆ ಸಂದಿನಲ್ಲಿ ತೂರಿ ಬರುವಷ್ಟರಲ್ಲಿ ಲೋಹಕ್ಕೆ ಶಾಖ ಬಿಟ್ಟುಕೊಟ್ಟು ಹೊರಗಿನ ಆವಿಯನ್ನು ಹೊತ್ತಿಸಲಾರದಷ್ಟು ತಣ್ಣಗಾಗಿರುತ್ತದೆ. ಇಡೀ ವಿದ್ಯೆ ಆ ಸಂದಿನಲ್ಲಿದೆ. ಆದರೆ ಕಾರ್ಖಾನೆಗಳಲ್ಲಿ ನಾನು ಕಂಡದ್ದೇನು? ಎಂಟು ಬೋಲ್ಟಿನ ಮುಚ್ಚಳಕ್ಕೆ ಎರಡೇ ಬೋಲ್ಟು, ಅದೂ ಎದುರುಬದುರು ಮೂಲೆಗೆ, ‘ಬೇಗ ಬಿಚ್ಚೋಕೆ ಅನುಕೂಲ’ ಅಂತ. ಮಳೆ ನೀರು ಬರುತ್ತದೆಂದು ಆ ನುಣುಪು ಪಟ್ಟಿಗೆ ಮೆತ್ತಿದ ಎಂ-ಸೀಲ್. ಬಿಗಿಯಾದ ಮುಚ್ಚಳವನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿ ಮಾಡಿದ ಗೀರು. ಡಬಲ್ ಕಂಪ್ರೆಶನ್ ಗ್ಲ್ಯಾಂಡ್ ಸಿಗಲಿಲ್ಲವೆಂದು ಹಾಕಿದ ಪ್ಲಾಸ್ಟಿಕ್ ಗ್ಲ್ಯಾಂಡ್. ಕೇಬಲ್ ಇಲ್ಲದ ತೂತಿಗೆ ತುರುಕಿದ ಕಾಟನ್ ವೇಸ್ಟ್. ಹೊರಗೆ ಮಾತ್ರ ಧನಬಾದ್‌ನ ಪ್ರಯೋಗಾಲಯದ ಪರೀಕ್ಷೆ, ನಾಗಪುರದ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊದ ಮಂಜೂರಾತಿ ಎಲ್ಲದರ ತಗಡು ಹೊಳೆಯುತ್ತಿರುತ್ತದೆ. ಬೋಲ್ಟಿಲ್ಲದ ಎಫ್‌ಎಲ್‌ಪಿ ಪೆಟ್ಟಿಗೆ ಸಾದಾ ಪೆಟ್ಟಿಗೆಗಿಂತ ಕೆಟ್ಟದ್ದು, ಯಾಕೆಂದರೆ ಅದನ್ನು ಜನ ನಂಬಿರುತ್ತಾರೆ.

ನಿನ್ನ ಟ್ರಾನ್ಸ್‌ಮಿಟರ್‌ಗಳದ್ದು ಬೇರೆ ದಾರಿ. ಅಲ್ಲಿ ತಂತಿ ತುಂಡಾದರೂ ಕಿಡಿ ಹೊತ್ತಿಸಲಾರದಷ್ಟು ಕಡಿಮೆ ಶಕ್ತಿ ಕೊಡುತ್ತಾರೆ. ಆ ಉಪಾಯ ಹುಟ್ಟಿದ ಹಿಂದೆಯೂ ಹೆಣಗಳಿವೆ. 1913ರಲ್ಲಿ ವೇಲ್ಸ್‌ನ ಸೆಂಘೆನಿಡ್ ಕಲ್ಲಿದ್ದಲು ಗಣಿಯಲ್ಲಿ 439 ಕಾರ್ಮಿಕರು ಸತ್ತರು, ಸಿಗ್ನಲ್ ಗಂಟೆಯ ವಿದ್ಯುತ್ ತಂತಿಯ ಕಿಡಿಯ ಮೇಲೆ ಅನುಮಾನ ಬಿತ್ತು. ಆಮೇಲೆ ಅಂಥ ಸರ್ಕ್ಯೂಟುಗಳ ಮೇಲೆ ನಡೆದ ಸಂಶೋಧನೆಯಿಂದ ಇಂಟ್ರಿನ್ಸಿಕ್ ಸೇಫ್ಟಿ ಎಂಬ ಈ ಉಪಾಯ ಬಂತು. ಪ್ಯಾನೆಲ್ಲಿನಲ್ಲಿ ಆ ಶಕ್ತಿಯನ್ನು ಮಿತಿಯಲ್ಲಿಡುವ ಬ್ಯಾರಿಯರ್ ಕೆಟ್ಟಾಗ ‘ಸದ್ಯಕ್ಕೆ ನೇರ ಜೋಡಿಸು’ ಎಂದು ಯಾರಾದರೂ ಹೇಳಿದರೆ ಆ ಲೂಪ್ ಆ ಕ್ಷಣಕ್ಕೆ ಸಾದಾ ತಂತಿಯಾಯಿತೆಂದು ತಿಳಿ. ಈ ಲೂಪುಗಳ ನೀಲಿ ಕೇಬಲನ್ನು ಪವರ್ ಕೇಬಲಿನ ಜೊತೆ ಒಂದೇ ಟ್ರೇಯಲ್ಲಿ ಕಟ್ಟಬೇಡ.

ಗ್ಯಾಸ್ ಮೀಟರ್ ನಿನ್ನ ಕೈಗೆ ಬರುತ್ತದೆ. ಅದರ ಪರದೆಯ ಮೇಲೆ ಬರುವ 100 ಎಂದರೆ ಗಾಳಿಯಲ್ಲಿ 100 ಶೇಕಡ ಆವಿ ಎಂದಲ್ಲ, ಹೊತ್ತಿಕೊಳ್ಳುವ ಕೆಳಮಿತಿ ಮುಟ್ಟಿತು ಎಂದು. ಎಥನಾಲಿಗೆ ಅದು 3.3 ಶೇಕಡ. 10 ಎಂದು ತೋರಿಸಿದರೆ ಅಲ್ಲಿಗೇ ಹಿಂದೆ ಸರಿಯುವುದು ಒಳ್ಳೆಯ ಕಾರ್ಖಾನೆಗಳ ಪದ್ಧತಿ, ವೆಲ್ಡಿಂಗ್ ಇದ್ದರೆ ಸೊನ್ನೆಯೇ ಇರಬೇಕು. ಆದರೆ ಸೊನ್ನೆಯನ್ನೂ ಕಣ್ಣು ಮುಚ್ಚಿ ನಂಬಬೇಡ. ಮಾಮೂಲಿ ಮೀಟರಿನ ಸೆನ್ಸರ್ ಆವಿಯನ್ನು ತನ್ನೊಳಗೆ ಉರಿಸಿ ಅಳೆಯುತ್ತದೆ, ಉರಿಯಲು ಆಮ್ಲಜನಕ ಬೇಕು. ನೈಟ್ರೋಜನ್ ತುಂಬಿದ ಟ್ಯಾಂಕಿನಲ್ಲಿ, ಅಥವಾ ಕಾರ್ಬನ್ ಡೈಆಕ್ಸೈಡ್ ತುಂಬಿದ ಫರ್ಮೆಂಟರಿನಲ್ಲಿ ಅದು ಹೇಳುವ ಸೊನ್ನೆಗೆ ಬೆಲೆಯಿಲ್ಲ. ಆದ್ದರಿಂದ ಮೊದಲು ಆಮ್ಲಜನಕ, ಆಮೇಲೆ ಆವಿ. ತೀರಾ ದಟ್ಟ ಆವಿಯಲ್ಲಿ ಮುಳ್ಳು ಮೇಲೆ ಹಾರಿ ಮತ್ತೆ ಕೆಳಗಿಳಿಯುವ ಮೀಟರುಗಳೂ ಇವೆ, ಇಳಿದದ್ದನ್ನಷ್ಟೇ ನೋಡಿದವನು ಒಳಗೆ ಹೋಗುತ್ತಾನೆ. ಸಿಲಿಕೋನ್ ಸ್ಪ್ರೇ ತಾಗಿದರೆ ಆ ಸೆನ್ಸರ್ ಸದ್ದಿಲ್ಲದೆ ಸಾಯುತ್ತದೆ. ಹಾಗಾಗಿ ಪಾಳಿಯ ಮೊದಲಿಗೆ ಗೊತ್ತಿರುವ ಗ್ಯಾಸ್ ತೋರಿಸಿ ಮೀಟರ್ ಕೂಗುತ್ತದೆಯೇ ಎಂದು ನೋಡು. ಅಳೆಯುವಾಗ ಟ್ಯಾಂಕಿನ ಬಾಯಲ್ಲಷ್ಟೇ ಅಲ್ಲ, ಪೈಪ್ ಇಳಿಸಿ ತಳದ ಹತ್ತಿರವೂ ಅಳೆ. ಬೆಳಿಗ್ಗೆ ಅಳೆದದ್ದು ಮಧ್ಯಾಹ್ನದ ಊಟವಾದ ಮೇಲೆ ಹಳೆಯ ಸುದ್ದಿ, ಮತ್ತೆ ಅಳೆ.

ಫರ್ಮೆಂಟರ್ ಎಂದೆನಲ್ಲ, ಅಲ್ಲಿ ಸ್ಫೋಟಕ್ಕಿಂತ ಮುಂಚೆ ಉಸಿರುಗಟ್ಟಿ ಸಾಯುತ್ತಾರೆ. ಬಿದ್ದವನನ್ನು ಎತ್ತಲು ಸುಮ್ಮನೆ ಇಳಿದವನೂ ಸಾಯುತ್ತಾನೆ. ಅದರ ಬಗ್ಗೆ ಬೇರೆಯೇ ಪತ್ರ ಬೇಕು.

ಪರ್ಮಿಟ್ ವಿಚಾರ. ವೆಲ್ಡಿಂಗ್‌ನಂಥ ಬೆಂಕಿಯ ಕೆಲಸಕ್ಕೆ ಕೊಡುವ ಹಾಟ್ ವರ್ಕ್ ಪರ್ಮಿಟ್ಟಿಗೆ ಆಫೀಸಿನಲ್ಲಿ ಕೂತೇ ಸಹಿ ಹಾಕುವವರು ಎಲ್ಲೆಲ್ಲೂ ಇದ್ದಾರೆ. ಆ ಕಾಗದದ ಬೆಲೆ ಏನೆಂದು ಪೈಪರ್ ಆಲ್ಫಾ ಹೇಳುತ್ತದೆ. ಉತ್ತರ ಸಮುದ್ರದ ಆ ತೈಲ ವೇದಿಕೆಯಲ್ಲಿ ರಿಪೇರಿಗೆಂದು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿದ್ದರು. ಅದನ್ನು ದಾಖಲಿಸಿದ್ದ ಪರ್ಮಿಟ್ ಇತ್ತು, ಆದರೆ ಪಾಳಿ ಬದಲಾದಾಗ ಆ ಸಂಗತಿ ರಾತ್ರಿಯವರಿಗೆ ತಲುಪಲಿಲ್ಲ. ಅವರು ಅದೇ ಪಂಪನ್ನು ಚಾಲೂ ಮಾಡಿದರು. 1988ರ ಜುಲೈ 6ರ ಆ ರಾತ್ರಿ 167 ಜನ ಸತ್ತರು. ಪಾಳಿ ಬಿಡುವಾಗ ಬಸ್ಸಿಗೆ ಓಡುವ ಮುಂಚೆ, ಏನನ್ನು ಬಿಚ್ಚಿಟ್ಟಿದ್ದೇನೆ, ಯಾವುದನ್ನು ಬೈಪಾಸಿನಲ್ಲಿಟ್ಟಿದ್ದೇನೆ ಎಂದು ಬರುವವರ ಮುಖ ನೋಡಿ ಹೇಳು. ಲಾಗ್‌ಬುಕ್ಕಿನಲ್ಲೂ ಬರೆ. ಬಸ್ಸು ಇನ್ನೊಂದು ಬರುತ್ತದೆ.

ನೀನು ಸಹಿ ಹಾಕುವ ಸ್ಥಾನಕ್ಕೆ ಬಂದಾಗ ಒಂದು ದಿನ ಆಗುವುದಿಲ್ಲ ಎನ್ನಬೇಕಾಗುತ್ತದೆ. ಹೊಸಬಳು, ಅದರಲ್ಲೂ ಹುಡುಗಿ, ‘ಮೇಡಂಗೆ ಹೆದರಿಕೆ’ ಎಂದು ನಗುತ್ತಾರೆ. ನಗಲಿ. ಜಗಳ ಮಾಡಬೇಡ, ಮೀಟರ್ ಹಿಡಿದು ಅವರನ್ನೇ ಜಾಗಕ್ಕೆ ಕರೆದೊಯ್ದು ಓದಲು ಹೇಳು. ‘ಯಜಮಾನ್ರೇ, ಇದು ಎಷ್ಟು ತೋರಿಸ್ತಿದೆ ನೀವೇ ನೋಡಿ’ ಎಂದರೆ ಹಿರಿಯ ಆಪರೇಟರಿನ ಮರ್ಯಾದೆಗೂ ಕುಂದಿಲ್ಲ. ಅಷ್ಟಾದರೂ ಕೇಳದಿದ್ದರೆ ಕಾನೂನು ನಿನ್ನ ಕಡೆಗಿದೆ. ಭೋಪಾಲದ ಅನಿಲ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿದಾಗ, ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರಿಗೆ ಸನ್ನಿಹಿತ ಅಪಾಯದ ಬಗ್ಗೆ ಆಡಳಿತಕ್ಕೂ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕು ಕೊಟ್ಟರು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಅದು ಉಳಿದಿದೆ. ಹಕ್ಕಿದೆ ಎಂದು ದಿನಾ ಝಳಪಿಸಬೇಕಿಲ್ಲ, ಗೊತ್ತಿದ್ದರೆ ದನಿ ಗಟ್ಟಿಯಾಗುತ್ತದೆ ಅಷ್ಟೆ.

ಸದ್ಯಕ್ಕೆ ಒಂದು ಕೆಲಸ ಮಾಡು. ಮೊದಲ ವಾರದಲ್ಲೇ ನಿನ್ನ ವಿಭಾಗದ ಹಿರಿಯರನ್ನು ಕೇಳಿ ಕಾರ್ಖಾನೆಯ ಝೋನ್ ನಕ್ಷೆ ಪಡೆದುಕೋ. ಅದನ್ನು ಕೈಯಲ್ಲಿ ಹಿಡಿದು ಧಾನ್ಯದ ಹೊಂಡದಿಂದ ಟ್ಯಾಂಕರ್ ತುಂಬುವ ಜಾಗದವರೆಗೆ ನಡೆದು ಬಾ. ನಕ್ಷೆ ಬರೆದ ಮೇಲೆ ಬಂದ ಹೊಸ ಪಂಪು, ಮುಚ್ಚಿದ ಕಿಟಕಿ, ನಿಂತುಹೋದ ಎಕ್ಸಾಸ್ಟ್ ಫ್ಯಾನು, ಹೊಸದಾಗಿ ಸುತ್ತುವರಿದ ಕನ್ವೇಯರ್ ಯಾವುವೆಂದು ಗುರುತು ಹಾಕಿ ನಿನ್ನ ಇಂಜಿನಿಯರಿಗೆ ಬರೆದುಕೊಡು. ಹಿಟ್ಟಿನ ವಿಭಾಗವೇ ನಕ್ಷೆಯಲ್ಲಿ ಇಲ್ಲದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆ.